ಆರ್ಯವೈಶ್ಯರಲ್ಲಿ ಕಾಣುವ ಈ ಕೊರತೆಯನ್ನೂ ಸೇರಿಸಿ

ಅರಿವಳಿಕೆಗೆ ಮುಂಚೆ ಡಾಕ್ಟರಿಗೆ ಏನೇನು ಹೇಳಬೇಕು ಎಂಬ ಲೇಖನ ಚೆನ್ನಾಗಿದೆ. ಆದರೆ ಅಪರೂಪದ ತೊಂದರೆ ಎಂದು ಮೈ ವಿಪರೀತ ಕಾವೇರುವ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಒಂದನ್ನೇ ಹೇಳಿದ್ದೀರಿ. ನಮ್ಮ ಆರ್ಯವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಹೆಚ್ಚು ಕಾಣುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆಯ ಬಗ್ಗೆ ಒಂದು ಸಾಲೂ ಇಲ್ಲ.

ಗಂಟಲಿಗೆ ನಳಿಕೆ ಇಳಿಸುವಾಗ ಸ್ನಾಯು ಸಡಿಲವಾಗಲೆಂದು ಸಕ್ಸಿನೈಲ್‌ಕೋಲಿನ್ ಕೊಡುತ್ತಾರೆ, ಥಿಯೇಟರಿನವರ ಬಾಯಲ್ಲಿ ‘ಸ್ಕೋಲಿನ್’. ಸಾಮಾನ್ಯವಾಗಿ ಅದರ ಪ್ರಭಾವ 5-10 ನಿಮಿಷ ಅಷ್ಟೆ, ರಕ್ತದಲ್ಲಿರುವ ಈ ಕಿಣ್ವ ಅದನ್ನು ಒಡೆದುಹಾಕುತ್ತದೆ. ಕೊರತೆ ತೀವ್ರವಾಗಿದ್ದವರಿಗೆ ಗಂಟೆಗಟ್ಟಲೆ ಸ್ವಂತ ಉಸಿರಾಟ ಮರಳುವುದಿಲ್ಲ. ಅಕ್ಕನ ತುರ್ತು ಸಿಸೇರಿಯನ್‌ನಲ್ಲಿ ಆದದ್ದು ಇದೇ. ಮಗು ಅತ್ತು ಮಲಗಿತ್ತು, ಅಕ್ಕ ಮಾತ್ರ ಸಂಜೆವರೆಗೂ ವೆಂಟಿಲೇಟರ್‌ನಲ್ಲಿ. ಪುಣ್ಯಕ್ಕೆ ಅರಿವಳಿಕೆ ತಜ್ಞರು ತಕ್ಷಣ ಗುರುತಿಸಿ, ನಿದ್ದೆಯ ಮದ್ದು ನಿಲ್ಲಿಸದೆ ಕಾದರು. ನಿಲ್ಲಿಸಿದ್ದರೆ ಎಚ್ಚರವಿದ್ದೂ ಕಣ್ರೆಪ್ಪೆ ಅಲುಗಿಸಲಾಗದ ಸ್ಥಿತಿ, ನೆನೆದರೆ ಈಗಲೂ ಮೈ ನಡುಗುತ್ತದೆ.

ಈಗ ಅವಳ ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಚೀಟಿ ಇದೆ: ‘ಸಕ್ಸಿನೈಲ್‌ಕೋಲಿನ್, ಮೈವಾಕ್ಯೂರಿಯಂ ಕೊಡಬಾರದು’. ಮೈವಾಕ್ಯೂರಿಯಂ ಕೂಡ ಇದೇ ಕಿಣ್ವ ಒಡೆಯುವ, ಸ್ನಾಯು ಸಡಿಲಿಸುವ ಮದ್ದು. ವಂಶದಲ್ಲಿ ಬರುವ ದೋಷ ಎಂದು ಒಡಹುಟ್ಟಿದವರೆಲ್ಲ ರಕ್ತಪರೀಕ್ಷೆ ಮಾಡಿಸಿದೆವು. ತಮ್ಮನಿಗೂ ಇದೆ. ದಿನನಿತ್ಯದ ಬದುಕಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಮೊದಲೇ ಹೇಳಿದ್ದರಿಂದ ಅವನ ಅಪೆಂಡಿಕ್ಸ್ ಆಪರೇಷನ್‌ಗೆ ಈ ಕಿಣ್ವವನ್ನು ಅವಲಂಬಿಸದ ರೋಕ್ಯುರೋನಿಯಂ ಎಂಬ ಸ್ನಾಯು ಸಡಿಲಿಸುವ ಮದ್ದು ಬಳಸಿದರು, ಏನೂ ತೊಂದರೆಯಾಗಲಿಲ್ಲ.

ಅರಿವಳಿಕೆ ಡಾಕ್ಟರು ‘ನೀವು ಶೆಟ್ಟರಾ?’ ಎಂದು ಕೇಳಿದರೆ ದಯವಿಟ್ಟು ಸಿಟ್ಟಾಗಬೇಡಿ, ಅವರು ಜಾತಿ ಕೆದಕುತ್ತಿಲ್ಲ; ಆರ್ಯವೈಶ್ಯರಾದ ನಮ್ಮನ್ನು ಶೆಟ್ಟರೆಂದೂ ಕರೆಯುವುದರಿಂದ ಈ ಕೊರತೆಯ ಸಾಧ್ಯತೆ ನೋಡುತ್ತಿದ್ದಾರೆ ಅಷ್ಟೆ. ‘ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಂತರ ಎಚ್ಚರವಾಗಲು, ಉಸಿರಾಡಲು ತಡವಾಗಿತ್ತೆ?’ ಎಂಬ ಪ್ರಶ್ನೆಯನ್ನೂ ಲೇಖಕರು ಪಟ್ಟಿಗೆ ಸೇರಿಸಲಿ.