ಇಪ್ಪತ್ತಾರು ದಿನ ಬಂದ್ ಆಗದ ಲ್ಯಾಪ್‌ಟಾಪು

ಲ್ಯಾಪ್‌ಟಾಪು ನಿಧಾನವಾಗಿದೆ ಎಂದು ಗೊತ್ತಾಗುವುದು ಪುರಸೊತ್ತಿದ್ದಾಗ ಅಲ್ಲ. ಜುಲೈ ತಿಂಗಳು, ಶಿರಸಿ ಕಡೆಯ ಮನೆ, ಹೊರಗೆ ಜಡಿಮಳೆ. ಸೊಸೈಟಿಗೆ ಇವತ್ತೇ ಕಳಿಸಬೇಕಾದ ಪಹಣಿಯ ಮೇಲೆ ಎರಡು ಸಲ ಒತ್ತಿದ್ದಾಗಿದೆ. ಪರದೆಯ ನಡುವೆ ನೀಲಿ ಉಂಗುರ ತಿರುಗುತ್ತಿದೆ. ತಡೆಯಲಾರದೆ ಮತ್ತೆ ಮತ್ತೆ ಒತ್ತಿದರೆ ಕಿಟಕಿ ಬಿಳಿಚಿಕೊಂಡು, ನೆತ್ತಿಯ ಮೇಲೆ 'ನಾಟ್ ರೆಸ್ಪಾಂಡಿಂಗ್' ಎಂದು ಬರೆದುಕೊಂಡು ಕೂರುತ್ತದೆ. ಎದ್ದು ಹೋಗಿ ಚಾ ಕುಡಿದು ಬರುವಷ್ಟರಲ್ಲಿ ಅದೇ ಪಹಣಿ ನಾಲ್ಕು ಸಲ ತೆರೆದುಕೊಂಡಿರುತ್ತದೆ.

ಜಗಲಿಯಲ್ಲಿ ಕವಳ ಹಾಕುತ್ತ ಕುಳಿತವರು ಯಾರೇ ಇರಲಿ, ಅಲ್ಲಿಂದಲೇ ಔಷಧ ಹೇಳುತ್ತಾರೆ: "ಒಂದ್ಸಲ ಫಾರ್ಮ್ಯಾಟ್ ಹೊಡ್ಸಿಬಿಡು ತಮಾ." ನಮ್ಮ ಕಡೆ ಈ ಫಾರ್ಮ್ಯಾಟ್‌ಗೆ ಕಷಾಯದ ಸ್ಥಾನ. ಶೀತವಾದರೂ ಅದೇ, ಕಾಲು ಉಳುಕಿದರೂ ಅದೇ. ರಿಪೇರಿ ಮಾಡುವವನಿಗೂ ಅನುಕೂಲ: ರೋಗ ಏನೆಂದು ನೋಡುವ ತಾಪತ್ರಯವಿಲ್ಲ, ಪೆನ್‌ಡ್ರೈವ್ ಚುಚ್ಚಿಟ್ಟು ಸಂಜೆ ಬನ್ನಿ ಎಂದರಾಯಿತು. ಸಂಜೆ ಹೋದರೆ ಲ್ಯಾಪ್‌ಟಾಪು ಚುರುಕಾಗಿಯೇ ಇರುತ್ತದೆ. ಕನ್ನಡ ಟೈಪಿಸುವ ನುಡಿ ತಂತ್ರಾಂಶ ಇರುವುದಿಲ್ಲ, ಪ್ರಿಂಟರಿನ ಡ್ರೈವರ್ ಇರುವುದಿಲ್ಲ, ಮಗನ ಉಪನಯನದ ಫೋಟೋ ಇರುವುದಿಲ್ಲ. ಮೂರು ತಿಂಗಳಿಗೆ ಮತ್ತದೇ ಉಂಗುರ. ಜ್ವರ ಬಂದವನಿಗೆ ಹೊಸ ಪಂಚೆ ಉಡಿಸಿದ ಹಾಗೆ.

ಹಳೆಯ ಯಂತ್ರ ನಿಧಾನವಾಗುವುದಕ್ಕೆ ಕಾರಣ ಹಲವು, ಮುಖ್ಯವಾದದ್ದು ಒಂದು. ಅದಕ್ಕೆ ಆಮೇಲೆ ಬರೋಣ. ಮೊದಲು ಖರ್ಚಿಲ್ಲದ ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಒತ್ತಿ. ಗ್ರಾಫಿನ ಕೆಳಗೆ 'ಅಪ್ ಟೈಮ್' ಎಂಬ ಸಾಲಿದೆ. ಅಲ್ಲಿ 26:04:17:52 ಎಂದಿದ್ದರೆ ಯಂತ್ರ ಇಪ್ಪತ್ತಾರು ದಿನ ನಾಲ್ಕು ತಾಸಿನಿಂದ ಬಂದಾಗಿಲ್ಲ ಎಂದರ್ಥ. ಜಗಳ ಶುರುವಾಗುವುದೇ ಇಲ್ಲಿ. "ಸುಳ್ಳು! ಆನು ದಿನಾ ಬಂದ್ ಮಾಡೇ ಮಲಗ್ತಿ!"

ಬಂದ್ ಮಾಡಿದ್ದು ಖರೆ. ಅದು ಬಂದಾದದ್ದು ಮಾತ್ರ ಸುಳ್ಳು. 2012ರಲ್ಲಿ ವಿಂಡೋಸ್ 8ರ ಜೊತೆ 'ಫಾಸ್ಟ್ ಸ್ಟಾರ್ಟಪ್' ಎಂಬುದೊಂದು ಬಂತು. ಅದು ಇದ್ದರೆ, ಶಟ್‌ಡೌನ್ ಒತ್ತಿದಾಗ ನಾವು ತೆರೆದಿಟ್ಟದ್ದನ್ನಷ್ಟೇ ಮುಚ್ಚುತ್ತದೆ. ವಿಂಡೋಸಿನ ತಿರುಳಾದ ಕರ್ನಲ್ಲನ್ನೂ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ನಿನ್ನೆಯ ಹುಳಿಯನ್ನು ಕುದಿಸಿ ಬಡಿಸುವ ಕ್ರಮ. ಒಂದು ದಿನಕ್ಕೆ ರುಚಿಯೇ. ಇದು ಇಪ್ಪತ್ತಾರನೇ ದಿನದ ಹುಳಿ. ಯಾವುದೋ ವೈಫೈ ಡ್ರೈವರ್ ದಿನಕ್ಕಿಷ್ಟು ಮೆಮೊರಿ ನುಂಗಿ ವಾಪಸು ಕೊಡದಿದ್ದರೆ ಆ ಸಾಲ ರಾತ್ರಿ ದಾಟಿ ಬೆಳಿಗ್ಗೆಯ ಲೆಕ್ಕಕ್ಕೂ ಬರುತ್ತದೆ. ಪಾತ್ರೆ ತೊಳೆದಂತಾಗುವುದು ರೀಸ್ಟಾರ್ಟ್ ಕೊಟ್ಟಾಗ. ಇಲ್ಲವೇ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟಾಗ. ಈ ಉಪಚಾರವೇ ಬೇಡ ಎನ್ನುವವರು ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಬೇಕು. ಆ ಟಿಕ್ ಬೂದು ಬಣ್ಣದಲ್ಲಿ ಮಲಗಿರುತ್ತದೆ. ಮೇಲಿನ 'ಚೇಂಜ್ ಸೆಟ್ಟಿಂಗ್ಸ್' ಸಾಲು ಒತ್ತದೆ ಏಳುವುದಿಲ್ಲ. ಗುಂಡಿಗೆ ಶಟ್‌ಡೌನ್ ಎಂದು ಹೆಸರಿಟ್ಟು, ಶಟ್‌ಡೌನ್ ಮಾಡದೆ, ಆ ಸಂಗತಿಯನ್ನು ನಾಲ್ಕು ಬಾಗಿಲಿನಾಚೆ ಬಚ್ಚಿಟ್ಟವರಿಗೆ ಏನೆನ್ನಬೇಕು?

ಅಪ್ ಟೈಮ್ ಎಂದ ಕೂಡಲೇ ಕಾರವಾರದವರಿಗೆ ನೆನಪಾಗಬೇಕಾದ ಸಂಖ್ಯೆಯೊಂದಿದೆ: 962. ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಚಾಲೂ ಆದದ್ದು 2018ರ ಡಿಸೆಂಬರ್ 31ರ ತನಕ ನಿಲ್ಲಲೇ ಇಲ್ಲ. ಬೆರಳು ಮಡಚಿ ಎಣಿಸಿದರೂ ಸರಿ, 962 ದಿನ. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ಜಾಗತಿಕ ದಾಖಲೆ ಅದರಿಂದ ಮುರಿಯಿತು. ಎರಡು ಮಳೆಗಾಲವಲ್ಲ, ಮೂರು ಮಳೆಗಾಲ. 220 ಮೆಗಾವಾಟಿನ ಯಂತ್ರ, ಒಂದು ಸಲವೂ 'ನಾಟ್ ರೆಸ್ಪಾಂಡಿಂಗ್' ಎನ್ನಲಿಲ್ಲ. ಗುಟ್ಟು ಅದರ ಜಾತಿಯಲ್ಲಿದೆ. ಜಗತ್ತಿನ ಬಹುಪಾಲು ರಿಯಾಕ್ಟರುಗಳು ಇಂಧನ ಬದಲಿಸುವುದಕ್ಕೆ ಒಂದೆರಡು ವರ್ಷಕ್ಕೊಮ್ಮೆ ನಿಲ್ಲಲೇಬೇಕು. ಕೈಗಾದ್ದು ಭಾರಜಲದ ರಿಯಾಕ್ಟರು. ಒಳಗೆ ಅಡ್ಡಡ್ಡ ಮಲಗಿಸಿದ 306 ಕೊಳವೆ, ಪ್ರತಿ ಕೊಳವೆಯಲ್ಲೂ ಮೊಳದುದ್ದದ ಹನ್ನೆರಡು ಇಂಧನದ ಕಟ್ಟು. ಓಡುತ್ತಿರುವಾಗಲೇ ಎರಡು ಬದಿಗೂ ಎರಡು ಯಂತ್ರ ಬಂದು ಕಚ್ಚಿಕೊಂಡು, ಈಚೆಯಿಂದ ಹೊಸ ಕಟ್ಟು ನೂಕಿದರೆ ಆಚೆಯಿಂದ ಹಳೆಯದು ಹೊರಗೆ ಬರುತ್ತದೆ. ಊಟದ ಪಂಕ್ತಿ ಏಳದೆಯೇ ಎಲೆ ಬದಲಿಸಿದ ಹಾಗೆ. ಇನ್ನೊಂದು ವಿಚಿತ್ರ: ಇದೇ ಒಂದನೇ ಘಟಕ ಕಟ್ಟುತ್ತಿದ್ದಾಗ ಅದರ ಒಳಗುಮ್ಮಟ ಕುಸಿದದ್ದು 1994ರಲ್ಲಿ, ಅದೂ ಮೇ 13ರಂದೇ. ಪಂಚಾಂಗ ನೋಡುವವರು ಇದಕ್ಕೇನು ಹೇಳುತ್ತಾರೋ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ನಮ್ಮ ದಾಖಲೆ ಮುರಿದು 1106 ದಿನದ ತನಕ ಹೋಯಿತು. ಅದೂ ಭಾರಜಲದ್ದೇ, ದಾಯಾದಿ ಎನ್ನಲಡ್ಡಿಯಿಲ್ಲ.

ಸಿಟ್ಟು ಬರುವುದು ಇದಾದ ಮೇಲೆ. ಕೈಗಾ ಬಿಟ್ಟರೆ ಕದ್ರಾ, ಕೊಡಸಳ್ಳಿ, ನಾಗಝರಿ, ಆ ಕಡೆ ಗೇರುಸೊಪ್ಪೆ. ಇಷ್ಟು ಕಡೆ ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಮನೆಗೆ ಮೋಡ ಕಂಡರೆ ಕರೆಂಟಿಲ್ಲ. ಕಾಡಿನ ನಡುವೆ ಎಳೆದ ಲೈನು, ಟೊಂಗೆ ಬಿತ್ತು ಎಂದರೆ ಒಪ್ಪೋಣ. ಮಾರ್ಚ್ ತಿಂಗಳ ಎಲೆ ಅಲ್ಲಾಡದ ಮಧ್ಯಾಹ್ನ ಹೋದದ್ದಕ್ಕೆ ಯಾವ ಟೊಂಗೆ? ಹೊನ್ನಾವರದಿಂದ ಜೊಯಿಡಾದ ತನಕ ನೀರಿಗೆ, ಅಣುವಿಗೆ ಜಾಗ ಬಿಟ್ಟುಕೊಟ್ಟ ಜನ ಸಂಜೆ ಏಳಕ್ಕೆ ಮೊಬೈಲ್ ಟಾರ್ಚಿನಲ್ಲಿ ಉಣ್ಣುವುದನ್ನು ನೋಡಿದರೆ ಆ 962ನ್ನು ಹೆಮ್ಮೆಯಿಂದ ಹೇಳಬೇಕೋ ಹಲ್ಲು ಕಚ್ಚಿ ಹೇಳಬೇಕೋ ತಿಳಿಯುವುದಿಲ್ಲ.

ಎಲ್ಲಿದ್ದೆವು? ಟಾಸ್ಕ್ ಮ್ಯಾನೇಜರ್. ರೀಸ್ಟಾರ್ಟ್ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಟ್ಟ ಮೇಲೂ ಉಂಗುರ ತಿರುಗುತ್ತಿದ್ದರೆ ಡಿಸ್ಕ್ ಎಂಬಲ್ಲಿ ನೋಡಿ. ಸಾಮಾನ್ಯವಾಗಿ 100% ಎಂದು ಕೆಂಪಗಾಗಿರುತ್ತದೆ, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದು ಎಂಬಿಯೂ ಇರುವುದಿಲ್ಲ. ನೂರಕ್ಕೆ ನೂರು ದುಡಿಮೆ, ಕೆಲಸ ಸೊನ್ನೆ. ತಪ್ಪು ಅದರದಲ್ಲ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಬೇಕು, ಬೇಕಾದ ಜಾಗ ತಿರುಗಿ ಮುಳ್ಳಿನಡಿ ಬರಬೇಕು. ಚೂರುಪಾರು ಕೆಲಸ ಹೇಳಿದರೆ ಸೆಕೆಂಡಿಗೆ ಅರವತ್ತು ಎಪ್ಪತ್ತರ ಮೇಲೆ ಆಗದು. ದೇವಿಮನೆ ಘಟ್ಟ ಇಳಿದು ಕುಮಟೆಯಿಂದ ಒಂದು ತೆಂಗಿನಕಾಯಿ ತಾ, ಹತ್ತಿ ಬಂದು ಯಲ್ಲಾಪುರದಿಂದ ಒಂದು ಬಾಳೆಗೊನೆ ತಾ ಎಂದರೆ ಯಾವ ಲಾರಿಯಾದರೂ ಇಷ್ಟೇ. ಅದೇ ಡಿಸ್ಕು ಒಂದೇ ದೊಡ್ಡ ಸಿನಿಮಾ ಫೈಲನ್ನು ಸೆಕೆಂಡಿಗೆ ನೂರರ ಹತ್ತಿರ ಎಂಬಿಯಂತೆ ಎಳೆದೀತು. ವಿಂಡೋಸ್ 10 ಕೇಳುವುದೆಲ್ಲ ಚೂರುಪಾರೇ: ಅಪ್‌ಡೇಟ್, ಡಿಫೆಂಡರಿನ ತಪಾಸಣೆ, ಹುಡುಕಾಟಕ್ಕೆ ಸೂಚಿ ಬರೆಯುವುದು. ಅದರ ಮೇಲೆ ಹೊರಗಿನ ಪುಕ್ಕಟೆ ಆಂಟಿವೈರಸ್ ಎರಡೆರಡು ಹಾಕಿಕೊಂಡಿದ್ದರೆ ಒಂದೇ ಗೇಟಿಗೆ ಇಬ್ಬರು ವಾಚ್‌ಮನ್. ಒಬ್ಬನನ್ನು ಮನೆಗೆ ಕಳಿಸಿ. 'ಪಿಸಿ ಕ್ಲೀನರ್' ಎಂದು ಹೇಳಿಕೊಂಡು ಬಂದವನಿದ್ದರೆ ಅವನನ್ನು ಮೊದಲು.

ಡಿಸ್ಕಿನ ಪುಟದಲ್ಲೇ ಸರಾಸರಿ ರೆಸ್ಪಾನ್ಸ್ ಟೈಮ್, ಅಂದರೆ ಕೇಳಿದ್ದನ್ನು ಕೊಡಲು ಡಿಸ್ಕಿಗೆ ಹಿಡಿಯುವ ಹೊತ್ತು, ಇರುತ್ತದೆ. ಇಪ್ಪತ್ತು ಮೂವತ್ತು ಮಿಲಿಸೆಕೆಂಡಾದರೆ ಮುಪ್ಪು. ಏನೂ ಮಾಡದಿದ್ದಾಗಲೂ ಸಾವಿರ ಎರಡು ಸಾವಿರಕ್ಕೆ ಜಿಗಿಯುತ್ತಿದ್ದರೆ ರೋಗ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ. ಕೊನೆಯ ಅಂಕಣ ಮೂರರಲ್ಲೂ ಸೊನ್ನೆ ಇರಬೇಕು. ಸಿ5ರಲ್ಲಿ ಅಂಕಿ ಇದ್ದರೆ ಓದಲಾಗದ ಜಾಗಗಳು ಹುಟ್ಟಿಕೊಂಡಿವೆ ಎಂದರ್ಥ. ಆಗ ಫಾರ್ಮ್ಯಾಟೂ ಬೇಡ, ಡಿಸ್ಕ್ ತಪಾಸಿಸುವ ಚೆಕ್‌ಡಿಸ್ಕೂ ಬೇಡ. ಆ ಉಪನಯನದ ಫೋಟೋಗಳನ್ನು ಬೇರೆ ಕಡೆ ಹಾಕಿಕೊಳ್ಳಿ, ಈಗಲೇ.

ಮೆಮೊರಿಯ ಸಂಗತಿ ಸಣ್ಣದು. 4 ಜಿಬಿ ಇದ್ದರೆ 8 ಮಾಡಿ. ಹಳೆಯ ಮೆಮೊರಿ ಪಟ್ಟಿಯ ಚೀಟಿಯಲ್ಲಿ ಪಿಸಿ3ಎಲ್ ಎಂದಿದ್ದರೆ ಅದು 1.35 ವೋಲ್ಟಿನದು, ಎಲ್ ಇಲ್ಲದ 1.5 ವೋಲ್ಟಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೆಲವು ಯಂತ್ರ ಎದ್ದೇಳುವುದೇ ಇಲ್ಲ. ಕಾರವಾರ, ಅಂಕೋಲಾ ಕಡೆಯವರು ಹೊಸದು ತರುವ ಮೊದಲು ಹಳೆಯದನ್ನು ತೆಗೆದು, ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ ನೋಡಬೇಕು. ಸಾಣಿಕಟ್ಟೆಯಲ್ಲಿ ಉಪ್ಪು ಮಾಡಲು ಗದ್ದೆ ಬೇಕು. ಸಮುದ್ರದ ಗಾಳಿಗೆ ಲ್ಯಾಪ್‌ಟಾಪಿನ ಒಳಗೆ ಅಷ್ಟೆಲ್ಲ ವ್ಯವಸ್ಥೆ ಬೇಡ.

ಘಟ್ಟದ ಮೇಲೆ ಉಪ್ಪಿಲ್ಲ, ಹೊಗೆಯಿದೆ. ಬಚ್ಚಲೊಲೆಯ ಹೊಗೆ, ಅಡಿಕೆ ಸುಲಿಯುವಾಗಿನ ಧೂಳು ಎರಡೂ ಕೂಡಿ ಫ್ಯಾನಿಗೂ ಅದರ ಮುಂದಿನ ತಾಮ್ರದ ಹಲ್ಲುಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಊದಿದರೆ ಅದು ಒಳಗೇ ಹೊರಳಿಕೊಳ್ಳುತ್ತದೆ. ಫ್ಯಾನು ಬಿಚ್ಚಿ ಚಿಮುಟದಿಂದ ಕಂಬಳಿಯನ್ನು ಇಡಿಯಾಗಿ ಎಳೆಯಬೇಕು. ಬಿಚ್ಚಿದ್ದೇ ಆದರೆ ಪ್ರೊಸೆಸರಿನ ಮೇಲೆ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ಒಂದು ಅಕ್ಕಿಕಾಳಿನಷ್ಟು ಇಡಿ. ದೋಸೆಗೆ ಬೆಣ್ಣೆ ಸವರಿದ ಹಾಗೆ ಅಲ್ಲ. ಶಾಖ ಏರಿದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಯಂತ್ರ ತಣ್ಣಗಿದ್ದೂ ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ಒಂದು ಗಿಗಾಹರ್ಟ್ಸ್‌ನ ಕೆಳಗೇ ಅಂಟಿಕೊಂಡಿದ್ದರೆ ಚಾರ್ಜರಿನ ಪಿನ್ನು ನೋಡಿ: ಕೆಲವು ಕಂಪನಿಗಳ ಪಿನ್ನಿನ ನಡುವೆ ಸೂಜಿಯಂಥದೊಂದು ಇರುತ್ತದೆ, ಅದು ಮುರಿದರೆ ಯಂತ್ರ ಚಾರ್ಜರನ್ನು ಗುರುತಿಸದೆ ಉಪವಾಸ ಹಿಡಿಯುತ್ತದೆ. ಟಚ್‌ಪ್ಯಾಡು ಉಬ್ಬಿದ್ದರೆ ಇದ್ಯಾವುದೂ ಮುಖ್ಯವಲ್ಲ; ಕೆಳಗಿನ ಬ್ಯಾಟರಿ ಊದಿಕೊಂಡಿದೆ, ಮೊದಲು ಅದನ್ನು ತೆಗೆಸಿ.

ಇಷ್ಟಾದರೂ ನಿಜವಾದ ಜೀವ ಬರುವುದು ಹಾರ್ಡ್ ಡಿಸ್ಕ್ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಬರೀ ಚಿಪ್ಪುಗಳ ಡಿಸ್ಕು, ಹಾಕಿದಾಗಲೇ. ಅದರಲ್ಲಿ ತಿರುಗುವುದೂ ಇಲ್ಲ, ಮುಳ್ಳೂ ಇಲ್ಲ. ಚೂರುಪಾರು ಕೆಲಸ ಸೆಕೆಂಡಿಗೆ ಸಾವಿರಾರು. 7 ಮಿಲಿಮೀಟರ್ ದಪ್ಪದ್ದನ್ನು 9.5ರ ಜಾಗದಲ್ಲಿಟ್ಟರೆ ಅಲ್ಲಾಡುತ್ತದೆ, ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ. ಬಿಚ್ಚುವ ಮೊದಲು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಎಲ್ಲಿಯ ತಿರುಪು ಅಲ್ಲಿಗೆ ಚುಚ್ಚಿಡಿ. ಉದ್ದ ತಿರುಪನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಮೇಲೆ ಅಂಗೈ ಇಡುವಲ್ಲಿ ಮೊಡವೆ ಏಳುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು, 11 ಈ ವಯಸ್ಸಿನ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳದು. ವಿಂಡೋಸಿನ ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಬಹುದು. ನುಡಿ ಸಿಗುವುದಿಲ್ಲ ಎಂಬ ಹೆದರಿಕೆ ಬೇಡ. ಅಲ್ಲಿ ಟೈಪಿಂಗ್ ಭಾಷೆ ಬದಲಿಸುವ ಐಬಸ್‌ನಲ್ಲಿ ನುಡಿಯದೇ ಆದ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ಬೆರಳಿಗೆ ಅದೇ ದಾರಿ.

ಇದ್ದದ್ದನ್ನು ಇದ್ದ ಹಾಗೇ ಸಾಗಿಸುವವರಿಗೆ ಕ್ಲೋನಿಂಗ್. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಹೊರಗೆ ಜೋಡಿಸಿ, ಹಳೆಯದರಿಂದ ನಕಲು ಮಾಡುವುದು. ಇನ್ನೂರು ಜಿಬಿ ತುಂಬಿದ ಡಿಸ್ಕಿಗೆ ಎರಡು ತಾಸು ಹಿಡಿಯಿರಿ. ಆ ಎರಡು ತಾಸು ಕರೆಂಟ್ ಇರಬೇಕು, ಏಕೆಂದರೆ ಇಷ್ಟು ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗೆ ಮಾತ್ರ. ವೋಲ್ಟೇಜ್ ಕಡಿಮೆಯಾದರೆ ಅಡ್ಡಿಯಿಲ್ಲ: ಅಡಾಪ್ಟರಿನ ಬೆನ್ನಿಗೆ 100-240 ಎಂದು ಬರೆದಿದೆ, ಫ್ರಿಜ್ಜು ನರಳುವ 140ರಲ್ಲೂ ಅದು ನಿಶ್ಚಿಂತೆ. ಹೋಗಿ ಬರುವ ಕರೆಂಟೇ ತೊಡಕು. ಇನ್ವರ್ಟರಿದ್ದರೆ ಅದರಲ್ಲಿ ಯುಪಿಎಸ್ ಎಂಬ ಕಡೆಗೆ ಸ್ವಿಚ್ಚು ಇಡಿ. ಇಲ್ಲದಿದ್ದರೆ ಕರೆಂಟು ಬದಲಾಗುವ ಆ ಮಿಣುಕಿನಲ್ಲೇ ಲ್ಯಾಪ್‌ಟಾಪು ಆರಬಹುದು. ಆ ಕಡೆಗೆ ಇಟ್ಟರೆ ಸುಮಾರು 180 ವೋಲ್ಟಿನ ಕೆಳಗೆ ಇನ್ವರ್ಟರು ಲೈನನ್ನೇ ಒಪ್ಪದೆ ಬ್ಯಾಟರಿ ತಿನ್ನುತ್ತ ಕೂರುತ್ತದೆ, ಅದಕ್ಕೂ ತಯಾರಿರಿ. ನಡುವೆ ನಿಂತರೆ ಹಳೆಯ ಡಿಸ್ಕಿಗೆ ಕೇಡಿಲ್ಲ, ಅದನ್ನು ಓದುವುದಷ್ಟೇ. ಸೊನ್ನೆಯಿಂದ ಮತ್ತೆ ಶುರು.

ಇನ್ವರ್ಟರಿಲ್ಲದವರು ಲೈನ್‌ಮನ್ನಿಗೆ ಫೋನ್ ಮಾಡಿ, ಇವತ್ತು ಎರಡು ತಾಸು ಸತತ ಕರೆಂಟ್ ಇರುತ್ತದೆಯೇ ಎಂದು ಕೇಳಬೇಕು. ಆಚೆಯಿಂದ ಉತ್ತರ ಬರುತ್ತದೆ: "ಈಗ ಇದೆಯಲ್ಲಾ ಹೆಗಡೇರೆ."