ಆಮೆಯ ಕಾಲಡಿಗೆ ಮಣ್ಣೇ ಇರಲಿ

ಸಾಕಿದ ನೆಲದಾಮೆಯ ತೊಂದರೆಗಳಲ್ಲಿ ಅನೇಕವು ಅದರ ಕಾಲಡಿಯಿಂದಲೇ ಶುರುವಾಗುತ್ತವೆ. ಆದರೂ ಗೂಡಿನ ಅಳತೆ, ದೀಪ, ಸೊಪ್ಪು ಇವುಗಳ ಬಗ್ಗೆ ವಿಚಾರಿಸುವಷ್ಟು ಶ್ರದ್ಧೆಯಿಂದ ತಳದಲ್ಲಿ ಏನನ್ನು ಹಾಸಬೇಕೆಂದು ವಿಚಾರಿಸುವವರು ಕಡಿಮೆ. ನಾಡಿನಲ್ಲಿದ್ದಾಗ ನಾನು ಕಂಡ ರೀತಿಗೂ, ಈಗ ವಾಸವಾಗಿರುವ ಈ ಚಳಿಯ ದೇಶದ ರೀತಿಗೂ ಬಹಳ ಅಂತರವಿದೆ. ಅಲ್ಲಿ ಆಮೆಯೆಂದರೆ ನೀರಿನ ಪ್ರಾಣಿಯೆಂದು ಭಾವಿಸಿ ನೆಲದಾಮೆಯನ್ನೂ ತೊಟ್ಟಿಗೆ ಬಿಡುವವರಿದ್ದರು. ಇಲ್ಲವಾದರೆ ನುಣುಪಾದ ನೆಲದ ಮೇಲೆ ಮನೆಯಿಡೀ ಓಡಾಡಿಕೊಂಡಿರಲಿ ಎಂದು ಸುಮ್ಮನಾಗುತ್ತಿದ್ದರು. ಇಲ್ಲಿ ಅದಕ್ಕೊಂದು ಗೂಡು, ಗೂಡಿಗೆ ಉಷ್ಣಮಾಪಕ, ದೀಪಕ್ಕೆ ಟೈಮರ್, ಹಾಸುವುದಕ್ಕೆ ಚೀಲಗಳಲ್ಲಿ ಬರುವ ಬಗೆಬಗೆಯ ಪದಾರ್ಥಗಳು. ಆದರೆ ಆಮೆಯ ನೆಲ ನಮ್ಮ ಕಣ್ಣಿಗೆ ಚೊಕ್ಕಟವಾಗಿ ಕಾಣಬೇಕೆಂಬ ಹಟ ಮಾತ್ರ ಎರಡೂ ಕಡೆ ಒಂದೇ, ಮತ್ತು ಎರಡೂ ಕಡೆ ಆಮೆಗೆ ಸಿಗದೆ ಹೋಗುವುದು ಮಣ್ಣು ಎಂಬುದು ನನ್ನ ಅನಿಸಿಕೆ.

ಮುಂದುವರಿಯುವ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ನಕ್ಷತ್ರ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟು ಸಾಕುವುದು ಭಾರತದಲ್ಲಿ ಅಪರಾಧ. 2019ರಲ್ಲಿ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಾದ ಮೊದಲ ಅನುಬಂಧಕ್ಕೂ ಅದನ್ನು ಸೇರಿಸಲಾಯಿತು. ಆದ್ದರಿಂದ ನಾನಿಲ್ಲಿ ಹೇಳುತ್ತಿರುವುದು ಕಾನೂನು ಒಪ್ಪುವ ಕಡೆಗಳಲ್ಲಿ, ಸಾಕಣೆಯಲ್ಲೇ ಹುಟ್ಟಿ ಬೆಳೆದ ಆಮೆಗಳ ವಿಚಾರ: ಮೆಡಿಟರೇನಿಯನ್ ತೀರದ ಹರ್ಮನ್ ಆಮೆ, ಮಧ್ಯ ಏಷ್ಯಾದ ರಷ್ಯನ್ ಆಮೆ, ದಕ್ಷಿಣ ಅಮೆರಿಕದ ಕೆಂಪುಗಾಲಿನ ಆಮೆ, ಆಫ್ರಿಕಾದ ಸಲ್ಕಾಟಾ ಮುಂತಾದವು.

ನುಣುಪು ನೆಲದ ಮೇಲೆ ಆಮೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಉಗುರಿಗೆ ಹಿಡಿತ ಸಿಗದೆ ಹಿಂಗಾಲುಗಳು ಹೊರಕ್ಕೆ ಜಾರುತ್ತವೆ, ಹೊಟ್ಟೆಯ ಚಿಪ್ಪು ನೆಲಕ್ಕೆ ಉಜ್ಜುತ್ತದೆ. ಕೋಣೆಯಲ್ಲಿ ಅತಿ ತಣ್ಣಗಿನ ಗಾಳಿ ನಿಲ್ಲುವುದೂ ನೆಲದ ಮಟ್ಟದಲ್ಲೇ. ಬಿದ್ದ ಕೂದಲು, ಗುಂಡುಸೂಜಿ, ಪ್ಲಾಸ್ಟಿಕ್ ಚೂರು ಯಾವುದನ್ನಾದರೂ ಅದು ಕಚ್ಚಿ ನೋಡೀತು. ಹಳೆಯ ಪತ್ರಿಕೆಗಳನ್ನು ಹಾಸುವುದು ಕಾಯಿಲೆಬಿದ್ದ ಆಮೆಯನ್ನು ನಾಲ್ಕು ದಿನ ಪ್ರತ್ಯೇಕವಾಗಿಡುವಾಗ ಸರಿ, ಏಕೆಂದರೆ ಮಲಮೂತ್ರವನ್ನು ಗಮನಿಸುವುದು ಆಗ ಸುಲಭ. ಅದನ್ನೇ ಕಾಯಂ ಹಾಸಿಗೆ ಮಾಡಿದರೆ ತೇವವೂ ಇಲ್ಲ, ತೋಡಿಕೊಳ್ಳಲು ಆಳವೂ ಇಲ್ಲ.

ಇಲ್ಲಿಯ ಚೀಲದ ಪದಾರ್ಥಗಳಿಗೆ ಬಂದರೆ, ಹೊರಗೆ ಆಮೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಆಮೆಗೆ ಒಗ್ಗುತ್ತದೆಂದು ನಂಬಬೇಕಾಗಿಲ್ಲ. ಸೀಡರ್ ಮರದ ಹೊಟ್ಟು ಮೂಗಿಗೆ ಹಿತವಾಗಿರಬಹುದು, ಆದರೆ ಆ ಪರಿಮಳಕ್ಕೆ ಕಾರಣವಾದ ಎಣ್ಣೆಯ ಅಂಶಗಳೇ ಸರೀಸೃಪಗಳ ಶ್ವಾಸಕೋಶವನ್ನೂ ಕಣ್ಣನ್ನೂ ಕೆರಳಿಸುತ್ತವೆ. ಪೈನ್ ಹೊಟ್ಟಿನದೂ ಬಹುಮಟ್ಟಿಗೆ ಇದೇ ಕಥೆ. ಅಕ್ರೋಟಿನ ಚಿಪ್ಪಿನ ನುಚ್ಚು ಮತ್ತು ಜೋಳದ ದಿಂಡಿನ ತುಂಡುಗಳು ಹೊಟ್ಟೆಗೆ ಹೋದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಒಣಹುಲ್ಲಿನ ಗುಳಿಗೆಗಳು ನೀರು ತಾಗಿದೊಡನೆ ಉಬ್ಬಿ, ಬಿಸಿಲುದೀಪದ ಶಾಖಕ್ಕೆ ಬೂಸ್ಟು ಹಿಡಿಯುತ್ತವೆ. ಬರೀ ಮರಳಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟು. ಆಮೆಗೆ ಹಲ್ಲಿಲ್ಲ; ಸೊಪ್ಪಿನ ಎಲೆಯನ್ನು ಕೊಕ್ಕಿನಿಂದ ಕಚ್ಚಿ, ಮುಂಗಾಲಿನಿಂದ ಒತ್ತಿ ಹಿಡಿದು ಕತ್ತು ಹಿಂದಕ್ಕೆ ಎಳೆದು ಹರಿಯುತ್ತದೆ, ಆಗ ಎಲೆಯ ಒದ್ದೆ ಬದಿಗೆ ಅಂಟಿದ ಮರಳೆಲ್ಲ ತುತ್ತಿನ ಜೊತೆಗೇ ಒಳಗೆ ಹೋಗುತ್ತದೆ. ದಿನವೂ ಹೀಗೆ ಸೇರುತ್ತಾ ಹೋದ ಮರಳು ಕರುಳನ್ನು ಕಟ್ಟಿಬಿಡಬಹುದು. ಸುಣ್ಣದ ಅಂಶವುಳ್ಳ ಮರಳು ಜೀರ್ಣವಾಗುತ್ತದೆ ಎಂದು ಮಾರುವವರೂ ಇದ್ದಾರೆ. ಹಾಸಿಗೆಯನ್ನು ತಿನ್ನಲು ಪ್ರೇರೇಪಿಸುವುದು ಯಾವ ಬಗೆಯ ಜಾಣತನವೋ ನನಗೆ ಅರ್ಥವಾಗಿಲ್ಲ. ಯಾವ ಹಾಸಿಗೆಯಿದ್ದರೂ ಮೇವನ್ನು ಅಗಲವಾದ ಚಪ್ಪಡಿ ಕಲ್ಲಿನ ಮೇಲೆ ಇಡುವುದು ಒಳ್ಳೆಯದು, ಅದರಿಂದ ಕೊಕ್ಕೂ ಉಗುರೂ ತಾವಾಗಿಯೇ ಸವೆಯುತ್ತವೆ.

ಹಾಗಾದರೆ ಮಣ್ಣು ಎಂಥದ್ದು? ಗೊಬ್ಬರ, ಕೀಟನಾಶಕ ಯಾವುದೂ ಸೇರದ ಮೇಲ್ಮಣ್ಣು. ಕುಂಡಗಳಿಗೆಂದು ಸಿದ್ಧಪಡಿಸಿದ ಮಿಶ್ರಣದಲ್ಲಿ ಕಾಣುವ ಬಿಳಿಯ ಪರ್ಲೈಟ್ ಹರಳುಗಳನ್ನು ಆಮೆ ಆಯ್ದು ತಿನ್ನುತ್ತದಾದ್ದರಿಂದ ಅಂಥ ಮಿಶ್ರಣ ಬೇಡ. ಒಣನಾಡಿನ ಆಮೆಗಳಿಗೆ ಎರಡು ಪಾಲು ಮಣ್ಣಿಗೆ ಸುಮಾರು ಒಂದು ಪಾಲು ತೊಳೆದ ಮರಳನ್ನು ಬೆರೆಸಿದರೆ ನೀರು ಬಸಿಯುತ್ತದೆ, ತೋಡಿದ ಗುಂಡಿ ಕುಸಿಯದೆಯೂ ನಿಲ್ಲುತ್ತದೆ. ಬರೀ ಮರಳನ್ನು ಬೈದವನು ಮರಳನ್ನೇ ಬೆರೆಸಲು ಹೇಳುತ್ತಾನಲ್ಲ ಎನ್ನಬೇಡಿ. ಮಣ್ಣಿನೊಂದಿಗೆ ಹೊಂದಿಕೊಂಡ ಮರಳು ಸಡಿಲ ಮರಳಿನಂತೆ ಎಲೆಗೆ ಅಷ್ಟಾಗಿ ಅಂಟುವುದಿಲ್ಲ. ಕೆಂಪುಗಾಲಿನ ಆಮೆಯಂತಹ ಕಾಡಂಚಿನ ಜಾತಿಗಳಿಗೆ ಮರಳಿನ ಬದಲು ತೆಂಗಿನ ನಾರಿನ ಪುಡಿಯೂ ಸೈಪ್ರಸ್ ಮರದ ತೊಗಟೆಯ ಚೂರೂ ಹೆಚ್ಚು ಒಗ್ಗುತ್ತವೆ. ಮಿಶ್ರಣದ ಹದವನ್ನು ಪರೀಕ್ಷಿಸಲು ಉಪಕರಣವೇನೂ ಬೇಡ: ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು, ಬೆರಳು ತಾಗಿಸಿದರೆ ಉಂಡೆ ಒಡೆಯಬೇಕು.

ಆಳದ ಲೆಕ್ಕ ಆಮೆಯ ಮೈಯನ್ನು ನೋಡಿ ಮಾಡಬೇಕಾದದ್ದು. ಮರಿಗಳಿಗೆ 5ರಿಂದ 10 ಸೆಂಟಿಮೀಟರ್ ಸಾಕಾದೀತು. ಬೆಳೆದ ರಷ್ಯನ್ ಆಮೆಗೆ 15 ಸೆಂಟಿಮೀಟರ್ ಕೂಡ ಕಡಿಮೆಯೇ, ಏಕೆಂದರೆ ತನ್ನ ಸೀಮೆಯಲ್ಲಿ ಅದು ಬೇಸಿಗೆಯ ಉರಿಯನ್ನೂ ಚಳಿಗಾಲವನ್ನೂ ಬಿಲದೊಳಗೇ ಕಳೆಯುವ ಪ್ರಾಣಿ. ಮೊದಲು ಒಂದು ಮುಂಗಾಲಿನಿಂದ, ಆಮೇಲೆ ಇನ್ನೊಂದರಿಂದ ಮಣ್ಣನ್ನು ಪಕ್ಕಕ್ಕೆ ತಳ್ಳಿ, ಚಿಪ್ಪನ್ನು ಓರೆಮಾಡಿ ಭುಜ ತೂರಿಸಿ, ಬೆನ್ನು ಕಾಣದಷ್ಟು ಹೂತುಕೊಂಡ ಮೇಲೆಯೇ ಅದು ನಿದ್ರಿಸುವುದು. ಆ ಅವಕಾಶವಿಲ್ಲದ ಗೂಡಿನಲ್ಲಿ ಅದೇ ಆಮೆ ಮೂಲೆಯನ್ನು ಕೆರೆಯುತ್ತಲೇ ಇರುತ್ತದೆ, ನಾವು ಅದನ್ನು ಚುರುಕುತನವೆಂದು ಮೆಚ್ಚುತ್ತೇವೆ.

ತೇವದ ವಿಚಾರದಲ್ಲಿ ಎರಡೂ ಕಡೆಯವರು ಬಹುಕಾಲ ಒಂದೇ ನಂಬಿಕೆಯಲ್ಲಿದ್ದರು: ಮರುಭೂಮಿಯ ಆಮೆಗೆ ಒಣ ಹಾಸಿಗೆಯೇ ಕ್ಷೇಮ, ಬೆನ್ನಿನ ಫಲಕಗಳು ಗೋಪುರದಂತೆ ಎದ್ದು ನಿಲ್ಲುವುದಕ್ಕೆ ಮೇವಿನ ಪ್ರೋಟೀನೇ ಕಾರಣ ಎಂದು. ಸಲ್ಕಾಟಾ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಈ ಉಬ್ಬಿಗೆ ಪ್ರೋಟೀನಿಗಿಂತ ಒಣ ಗಾಳಿಯೇ ಹೆಚ್ಚು ಕಾರಣವೆಂದು ತೋರಿಸಿತು. ಒಣಸೀಮೆಯ ಆಮೆಯೂ ದಿನದ ಹೆಚ್ಚಿನ ಹೊತ್ತನ್ನು ಕಳೆಯುವುದು ಪೊದೆಯ ಬುಡದ, ಬಿಲದೊಳಗಿನ ತೇವದಲ್ಲಿ ಎಂಬುದನ್ನು ನೆನೆದರೆ ಇದು ಸಹಜವಾಗಿಯೇ ತೋರುತ್ತದೆ. ಆದರೆ ತೇವ ಬೇಕೆಂದು ಮೇಲಿನಿಂದ ನೀರು ಸುರಿದು ಕೆಸರು ಮಾಡಿದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ. ಗೂಡಿನ ಮೂಲೆಗಳಲ್ಲಿ ನಿಧಾನವಾಗಿ ನೀರುಣಿಸಿದರೆ ಅದು ತಳಕ್ಕಿಳಿದು ಹರಡಿ, ಮೇಲ್ಪದರ ಒಣಗಿದ್ದರೂ ಕೆಳಗಿನದು ತಂಪಾಗಿರುತ್ತದೆ. ತೇವ ಎಷ್ಟೇ ಇರಲಿ, ಅದರ ಜೊತೆಗೆ ಶಾಖವೂ ಇರಬೇಕು. ಒದ್ದೆ ಮತ್ತು ಚಳಿ ಒಟ್ಟಿಗೆ ಸೇರಿದರೆ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಕೊನೆಗೆ ನ್ಯುಮೋನಿಯ.

ಗೂಡಿನ ಆಕಾರದಲ್ಲಿ ಇಲ್ಲಿನವರಲ್ಲೇ ಎರಡು ಪಂಗಡಗಳಿವೆ. ಮೇಲ್ಭಾಗ ತೆರೆದ ಮರದ ಮೇಜುಗೂಡನ್ನು ಹೊಗಳುವವರು ಒಂದು ಕಡೆ, ಮುಚ್ಚಿದ ಪೆಟ್ಟಿಗೆಯನ್ನು ಮೆಚ್ಚುವವರು ಇನ್ನೊಂದು ಕಡೆ. ಬೆಳೆದ ಹರ್ಮನ್ ಆಮೆಗೆ ಗಾಳಿಯಾಡುವ ತೆರೆದ ಗೂಡು ಸರಿ. ಮರಿಗಳಿಗೂ ಕೆಂಪುಗಾಲಿನ ಆಮೆಗೂ ತೇವ ಹಾರಿಹೋಗದ ಮುಚ್ಚಿದ ಗೂಡೇ ಮೇಲು. ನಮ್ಮಲ್ಲಿ ಸುಲಭವಾಗಿ ಕೈಗೆ ಬರುವ ಮೀನಿನ ಗಾಜಿನ ತೊಟ್ಟಿ ಮಾತ್ರ ಎರಡಕ್ಕೂ ಸಲ್ಲದು. ಗಾಜು ಒಂದು ಗಡಿಯೆಂಬುದು ಆಮೆಗೆ ಅರಿವಾಗುವುದಿಲ್ಲ, ಹೊರಗೆ ಕಾಣುವ ಕಡೆಗೆ ನಡೆಯುತ್ತಲೇ ಮೂತಿ ಉಜ್ಜಿಕೊಳ್ಳುತ್ತದೆ. ಬೇರೆ ಗತಿಯಿಲ್ಲದಿದ್ದರೆ ಹೊರಬದಿಗೆ ಕಾಗದವನ್ನಾದರೂ ಅಂಟಿಸಬೇಕು. ಚಿಕ್ಕ ಜಾತಿಯ ಒಂದು ಆಮೆಗೂ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ತೀರಾ ಕನಿಷ್ಠ. ಅದಕ್ಕಿಂತ ಚಿಕ್ಕದರಲ್ಲಿ ಒಂದು ತುದಿಯನ್ನು 32ರಿಂದ 35 ಡಿಗ್ರಿಗೆ ಕಾಯಿಸಿ ಇನ್ನೊಂದು ತುದಿಯನ್ನು ತಂಪಾಗಿ ಉಳಿಸುವುದು ಕಷ್ಟ.

ಶಾಖ ಮೇಲಿನಿಂದಲೇ ಬರಬೇಕು. ಹಾಸಿಗೆಯಡಿ ಹೀಟ್ ಮ್ಯಾಟ್ ಇಟ್ಟರೆ ಮಣ್ಣು ತಳದಿಂದ ಒಣಗುತ್ತದೆ, ಸೆಕೆಯಿಂದ ತಪ್ಪಿಸಿಕೊಳ್ಳಲು ಕೆಳಕ್ಕೆ ತೋಡುವ ಆಮೆ ಇನ್ನಷ್ಟು ಬಿಸಿಗೆ ಸಿಗುತ್ತದೆ, ಹೊಟ್ಟೆ ಸುಟ್ಟುಕೊಂಡರೂ ಬೇಗ ಸರಿಯದಿರಬಹುದು. ದೀಪವನ್ನು ಬರೀ ಕ್ಲಿಪ್ಪಿನ ಮೇಲೆ ನಂಬದೆ ಸರಪಳಿಯಿಂದ ಬಿಗಿಯಬೇಕು. ಅದು ಕಳಚಿ ಒಣ ತೊಗಟೆಯ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಕಿಟಕಿಯ ಬಿಸಿಲಿದೆಯಲ್ಲ ಎಂಬ ಸಮಾಧಾನವೂ ಸಲ್ಲದು, ಆಮೆಯ ಮೂಳೆ, ಚಿಪ್ಪು ಗಟ್ಟಿಯಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಕಿರಣವನ್ನು ಕಿಟಕಿಯ ಗಾಜು ಬಹುತೇಕ ತಡೆಯುತ್ತದೆ. ನೀರಿನ ತಟ್ಟೆ ಮಣ್ಣಿನ ಮಟ್ಟಕ್ಕೆ ಹೂತಿರಬೇಕು, ಆಳ ಆಮೆಯ ಗದ್ದವನ್ನು ದಾಟಬಾರದು, ಮಗುಚಿ ಬಿದ್ದರೆ ನೆಲದಾಮೆ ಅಷ್ಟು ನೀರಿನಲ್ಲೂ ಮುಳುಗಬಹುದು.

ಹಿತ್ತಲಿನ ಬಿಸಿಲು ಮತ್ತು ನೆಲ ಇರುವ ಕಡೆ ಈ ಸಲಕರಣೆಗಳಲ್ಲಿ ಅರ್ಧದಷ್ಟು ಬೇಕಾಗುವುದೇ ಇಲ್ಲ, ಆ ಭಾಗ್ಯದಲ್ಲಿ ನಾಡಿನವರೇ ಒಂದು ಕೈ ಮೇಲು. ಅಲ್ಲಿಯೂ ಬೇಲಿ ಆರಪಾರ ಕಾಣದ ಹಲಗೆಯದಾಗಿರಬೇಕು, ತೋಡುವ ಜಾತಿಯಾದರೆ ನೆಲದೊಳಗೂ 30 ಸೆಂಟಿಮೀಟರ್ ಇಳಿದಿರಬೇಕು. ಕಣಗಿಲೆಯಂತಹ ವಿಷದ ಗಿಡ ಆವರಣದೊಳಗೆ ಇರಕೂಡದು.

ಮಣ್ಣೆಂದರೆ ಗಲೀಜು ಎಂಬ ಆಕ್ಷೇಪಕ್ಕೆ ಉತ್ತರ ಸರಳವಾಗಿದೆ. ಮಲವನ್ನೂ ಬಾಡಿದ ಸೊಪ್ಪನ್ನೂ ದಿನವೂ ಚಮಚದಿಂದ ಎತ್ತಬೇಕು, ಒದ್ದೆಯಾದ ಜಾಗವನ್ನು ಮಗುಚಬೇಕು, ವಾಸನೆ ಬಂದಾಗ ಅಥವಾ ಕೆಲವು ತಿಂಗಳಿಗೊಮ್ಮೆ ಪೂರ್ತಿ ಬದಲಿಸಬೇಕು. ಬೂಸ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳನ್ನು ಮಣ್ಣಿಗೆ ಬಿಡುವ ಪದ್ಧತಿ ಈಗ ಇಲ್ಲಿ ಹಬ್ಬುತ್ತಿದೆ. ಸದಾ ತೇವವಿರುವ ಕೆಂಪುಗಾಲಿನ ಆಮೆಯ ಗೂಡಿನಲ್ಲಿ ಅವು ಚೆನ್ನಾಗಿ ಬಾಳುತ್ತವೆ, ಒಣ ಮಿಶ್ರಣದಲ್ಲಿ ಉಳಿಯುವುದಿಲ್ಲ.