ಬಾಡಿಗೆ ಮುಂದೂಡಿಕೆ ಎಂದರೆ ಮನ್ನಾ ಅಲ್ಲ: ಒಂದು ಸ್ಪಷ್ಟನೆ

‘ಸರ್ಕಾರ ಬಾಡಿಗೆ ತಡೆಹಿಡಿದರೆ ಅಷ್ಟೂ ತಿಂಗಳ ಬಾಡಿಗೆ ಮನ್ನಾ, ಮಾಲೀಕರ ಸಾಲದ ಕಂತೂ ನಿಲ್ಲುವುದರಿಂದ ಯಾರಿಗೂ ನಷ್ಟವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ನಂಬಿ ನಾಲ್ಕು ಜನರಿಗೆ ಕಳುಹಿಸಿದ್ದೆ. ಅದರ ಎರಡು ಮಾತೂ ತಪ್ಪು.

ಮುಂದೂಡಿದ ಬಾಡಿಗೆ ಬಾಕಿಯಾಗಿ ಉಳಿಯುತ್ತದೆ. ಕೋವಿಡ್ ಹರಡದಂತೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶ ತಡೆದದ್ದು ಬಾಡಿಗೆದಾರರನ್ನು ಹೊರಹಾಕುವುದನ್ನು ಮಾತ್ರ. ಬಾಡಿಗೆ ಕೊಡುವ ಹೊಣೆ ತಪ್ಪುವುದಿಲ್ಲ, ತಡವಾದರೆ ದಂಡವನ್ನೂ ಕೇಳಬಹುದು ಎಂದು ಅದರಲ್ಲೇ ಇತ್ತು. ನಾಲ್ಕು ತಿಂಗಳು ಕೊಡದವರ ಎದುರು ಐದನೆಯ ತಿಂಗಳು ಐದು ಬಾಡಿಗೆ ಒಟ್ಟಿಗೆ ಬಂದು ನಿಲ್ಲುತ್ತದೆ.

ಮಾಲೀಕರ ಕಂತಿನ ಕಥೆಯೂ ಅಷ್ಟೇ. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಾಗಲೂ ಉಳಿದ ಸಾಲದ ಮೇಲೆ ಬಡ್ಡಿ ಬೆಳೆಯುತ್ತಲೇ ಇತ್ತು. ಆಸ್ತಿ ತೆರಿಗೆ, ದುರಸ್ತಿ ಖರ್ಚು ಬೇರೆ. ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವ ವೃದ್ಧರಿಗೆ ಇದು ಪಿಂಚಣಿ ನಿಂತ ಹಾಗೆ.

ಹಾಗೆಂದು ಮುಂದೂಡಿಕೆ ವ್ಯರ್ಥವಲ್ಲ. ಕೆಲಸ ಕಳೆದುಕೊಂಡವರಿಗೆ ಸೂರು ಉಳಿಸಿಕೊಳ್ಳಲು ಒಂದಿಷ್ಟು ಕಾಲ ಸಿಗುತ್ತದೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ನನ್ನಂತೆ, ಅದರ ಕೆಳಗೇ ತಿದ್ದುಪಡಿ ಹಾಕಿ.